ಗಾಳಿಯಂತ್ರ ಮೋಡ ಓಡಿಸುವುದಿಲ್ಲ, ರೇಡಾರಿಗೆ ಮಾತ್ರ ತೊಡಕು

ಮಾನ್ಯ ಸಂಪಾದಕರೇ,

ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟಸಾಲಿನ ಗಾಳಿಯಂತ್ರಗಳು ಮೋಡ ಓಡಿಸಿ ನಮ್ಮ ಪಾಲಿನ ಮಳೆ ತಪ್ಪಿಸುತ್ತಿವೆ ಎಂಬ ಮಾತು ನಿಮ್ಮ ಓದುಗರ ಅಂಕಣದಲ್ಲಿ ಮತ್ತೆ ಬಂದಿದೆ. ಅದರ ಬೆನ್ನಿಗೇ, ಚಿತ್ರದುರ್ಗಕ್ಕೂ ತಿರುಪತಿ ಬಳಿಯ ಗಾದಂಕಿಯಲ್ಲಿರುವಂಥ, ಮೇಲಣ ಗಾಳಿ ನೋಡುವ ಒಂದು ದೊಡ್ಡ ರೇಡಾರ್ ಕೊಡಿ ಎಂಬ ಒತ್ತಾಯ. ಮೊದಲನೆಯದು ತಪ್ಪು. ಎರಡನೆಯದರ ಹಿಂದಿನ ಆಸೆ ಸರಿ, ಕೇಳಿದ ವಸ್ತು ಸರಿಯಿಲ್ಲ. ಈ ಎರಡನ್ನೂ ಸೇರಿಸಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಉದ್ದವಾಯಿತೆನಿಸಿದರೂ ಲೆಕ್ಕಗಳನ್ನು ಮಾತ್ರ ಕತ್ತರಿಸಬೇಡಿ ಎಂದು ವಿನಂತಿ.

ಎತ್ತರದ ಲೆಕ್ಕದಿಂದಲೇ ಶುರು ಮಾಡೋಣ. ಹಳ್ಳಿಯವರು ‘ಫ್ಯಾನು’ ಎನ್ನುವ ಈ ಯಂತ್ರದ ಕಂಬ 50ರಿಂದ 80 ಮೀಟರ್ ಎತ್ತರ. ರೆಕ್ಕೆಯ ತುದಿ ಮೇಲೆ ಬಂದಾಗ 120 ಮೀಟರ್ ಆಸುಪಾಸು. ರೆಕ್ಕೆ ಕಲಕಿದ ಗಾಳಿ ಅದರ ವ್ಯಾಸದ ಹತ್ತಿಪ್ಪತ್ತು ಪಟ್ಟು ದೂರ ಸಾಗುವಷ್ಟರಲ್ಲಿ, ಅಂದರೆ ಒಂದೂವರೆ ಕಿ.ಮೀ. ಸುಮಾರಿಗೆ, ಸುತ್ತಲಿನ ಗಾಳಿಯಲ್ಲಿ ಬೆರೆತು ಹೋಗುತ್ತದೆ. ಆಷಾಢದಲ್ಲಿ ಚಳ್ಳಕೆರೆ, ಹಿರಿಯೂರಿನ ಶೇಂಗಾ ಹೊಲಗಳಲ್ಲಿ ಮೈಗೆ ಬಡಿಯುವ ಪಡುವಣ ಗಾಳಿ ಅತಿ ಜೋರಾಗಿ ಹರಿಯುವುದು ಅದಕ್ಕಿಂತ ಎಷ್ಟೋ ಮೇಲೆ, ಒಂದೂವರೆ ಕಿ.ಮೀ. ಮಟ್ಟದಲ್ಲಿ. ಇನ್ನೂ ಮೇಲೇರಿ 6–8 ಕಿ.ಮೀ. ದಾಟುವ ಹೊತ್ತಿಗೆ ಗಾಳಿಯ ದಿಕ್ಕೇ ತಿರುಗಿರುತ್ತದೆ. 14–16 ಕಿ.ಮೀ.ನಲ್ಲಿ ಅದು ಮೂಡಣದಿಂದ ಪಡುವಣಕ್ಕೆ ಸೆಕೆಂಡಿಗೆ 30–40 ಮೀಟರ್ ವೇಗದಲ್ಲಿ, ಗಂಟೆಯ ಲೆಕ್ಕದಲ್ಲಿ 108ರಿಂದ 144 ಕಿ.ಮೀ. ವೇಗದಲ್ಲಿ ನುಗ್ಗುತ್ತಿರುತ್ತದೆ. ಉಷ್ಣವಲಯದ ಈ ಮೂಡಣ ಜೆಟ್ ಪ್ರವಾಹವನ್ನು 1958ರಲ್ಲಿ ಲೋಕಕ್ಕೆ ವಿವರಿಸಿದವರು ನಮ್ಮ ದೇಶದವರೇ ಆದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ.

ಇದನ್ನು ಯಾವ ಉಪಕರಣವೂ ಇಲ್ಲದೆ ನೋಡಬಹುದು. ಜುಲೈನಲ್ಲಿ ಕೆಳಮೋಡ ಒಡೆದು ಆಕಾಶ ತುಸು ತೆರೆದ ದಿನ ಕೋಟೆ ಹತ್ತಿ ನಿಲ್ಲಿ. ತಲೆಗೆ ತಾಗುವಂತೆ ಹೋಗುವ ಬೂದು ಮೋಡಗಳು ಚಳ್ಳಕೆರೆಯತ್ತ ಓಡುತ್ತಿರುತ್ತವೆ. ಅವುಗಳ ಸಂದಿನಲ್ಲಿ, ತುಂಬ ಮೇಲೆ, ಹಿಂಜಿದ ಹತ್ತಿಯಂಥ ಬಿಳಿ ಎಳೆಗಳು ತದ್ವಿರುದ್ಧ ದಿಕ್ಕಿಗೆ, ದಾವಣಗೆರೆಯ ಕಡೆಗೆ ಜಾರುತ್ತಿರುತ್ತವೆ. ಆಷಾಢದಲ್ಲಿ ಇಲ್ಲಿ ಗಾಳಿಯಷ್ಟೇ ಬೀಸಿ ಮಳೆ ಬೀಳದಿರುವುದಕ್ಕೆ ಕಾರಣ ಪಶ್ಚಿಮ ಘಟ್ಟ. ತೇವವನ್ನು ಮಲೆನಾಡಿನಲ್ಲೇ ಇಳಿಸಿ ಬಂದ ಗಾಳಿ ಈಚೆ ಬದಿಗೆ ಇಳಿಯುತ್ತಾ ಬಿಸಿಯಾಗುತ್ತದೆ, ಮೋಡ ಬೆಳೆಯಲು ಬಿಡುವುದಿಲ್ಲ. ಗಾಳಿಯಂತ್ರಗಳು ಬರುವ ಎಷ್ಟೋ ಮೊದಲೇ ಚಿತ್ರದುರ್ಗ ಬರದ ಸೀಮೆಯಾಗಿತ್ತು.

ಈಗ ರೇಡಾರಿನ ಮಾತು. ರೇಡಾರುಗಳೆಲ್ಲ ಒಂದೇ ಜಾತಿಯಲ್ಲ. ಮಳೆ ನೋಡುವ ಡಾಪ್ಲರ್ ರೇಡಾರಿನ ತರಂಗಾಂತರ 3ರಿಂದ 10 ಸೆಂ.ಮೀ. ಆಸುಪಾಸು. ಹನಿಗೋ ಆಲಿಕಲ್ಲಿಗೋ ತಾಗಿ ಮರಳಿದ ಅಲೆಯನ್ನು ಅದು ಹಿಡಿಯುತ್ತದೆ. ಮೋಡವೇ ಇಲ್ಲದ ನಿರ್ಮಲ ಆಕಾಶದಲ್ಲಿ 20 ಕಿ.ಮೀ. ಎತ್ತರದವರೆಗೆ ಬರಿ ಗಾಳಿಯನ್ನೇ ನೋಡಬೇಕಾದರೆ ಮೀಟರ್‌ಗಳಲ್ಲಿ ಅಳೆಯುವ ತರಂಗಾಂತರ ಬೇಕು. ಬರಿ ಗಾಳಿ ಹೇಗೆ ಮಾರ್ದನಿ ಕೊಡುತ್ತದೆ ಎಂದು ಕೇಳುವವರು ಏಪ್ರಿಲ್ ಮಧ್ಯಾಹ್ನ ದಾವಣಗೆರೆ ಹೆದ್ದಾರಿಯಲ್ಲಿ ಕಾಣುವ ಬಿಸಿಲ್ಗುದುರೆಯನ್ನು ನೆನೆಯಲಿ. ಡಾಂಬರಿನ ಮೇಲಿನ ಬಿಸಿಗಾಳಿ ಮತ್ತು ಅದರ ಮೇಲಿನ ತಂಪುಗಾಳಿ ಬೆಳಕನ್ನು ಬೇರೆ ಬೇರೆಯಾಗಿ ಬಾಗಿಸುವುದರಿಂದ ದೂರದ ಲಾರಿ ನೀರಿನಲ್ಲಿ ತೇಲಿದಂತೆ ನಡುಗುತ್ತದೆ. ರೇಡಿಯೊ ಅಲೆಗೂ ಹಾಗೆಯೇ. ಗಾಳಿಯ ಸುಳಿಗಳಲ್ಲಿ ಉಷ್ಣತೆ, ತೇವ ಒಂದೆಡೆ ಇದ್ದಂತೆ ಇನ್ನೊಂದೆಡೆ ಇರುವುದಿಲ್ಲ. ಆ ಏರುಪೇರು ರೇಡಾರಿನ ಅರ್ಧ ತರಂಗಾಂತರದಷ್ಟು ಅಂತರದಲ್ಲಿ ಇದ್ದರೆ ಅಲ್ಲಿಂದ ಚೂರು ಶಕ್ತಿ ಹಿಂದಕ್ಕೆ ಚೆದರುತ್ತದೆ. ಗಾಳಿ ಸುಳಿಗಳನ್ನು ಹೊತ್ತೊಯ್ಯುತ್ತಿರುತ್ತದೆ, ಆದ್ದರಿಂದ ಸುಳಿಯ ವೇಗವೇ ಗಾಳಿಯ ವೇಗ.

ಹೀಗೆ ಮೇಲಣ ಗಾಳಿಯನ್ನು ಅಳೆದು 1974ರಲ್ಲಿ ಪ್ರಕಟಿಸಿದವರು ವಿಜ್ಞಾನಿಗಳಾದ ವುಡ್‌ಮನ್ ಮತ್ತು ಗ್ಯಿಯೆನ್. ಅವರು ಬಳಸಿದ್ದು ಪೆರು ದೇಶದ ಲಿಮಾ ಬಳಿಯ ಹಿಕಮಾರ್ಕ ರೇಡಾರನ್ನು. ಸುಮಾರು 50 ಮೆಗಾಹರ್ಟ್ಸ್, 18,432 ಡೈಪೋಲ್‌ಗಳು (ಸರಳ ಕಡ್ಡಿ ಆಂಟೆನಾಗಳು), ಒಂದೊಂದು ಬದಿ 300 ಮೀಟರ್. ನಮ್ಮ ಲೆಕ್ಕದಲ್ಲಿ 22 ಎಕರೆ ಬರಿ ಆಂಟೆನಾ. ಅಯಾನುಗೋಳವನ್ನು, ಅಂದರೆ ಬಿಸಿಲಿಗೆ ಎಲೆಕ್ಟ್ರಾನು ಬಿಡಿಸಿಕೊಂಡ ತುಂಬ ಮೇಲಿನ ವಾಯುಪದರವನ್ನು ನೋಡಲು ಕಟ್ಟಿದ ಯಂತ್ರ ಕೆಳಗಿನ ಗಾಳಿಯನ್ನೂ ತೋರಿಸಿತು. ನಮಗೆ ಹತ್ತಿರದ್ದೆಂದರೆ ತಿರುಪತಿ ಬಳಿಯ ಗಾದಂಕಿಯ ರೇಡಾರ್, ಚಿತ್ರದುರ್ಗದಿಂದ ಪೂರ್ವಕ್ಕೆ ಸುಮಾರು 300 ಕಿ.ಮೀ. ಅಕ್ಷಾಂಶವೂ ಹೆಚ್ಚುಕಡಿಮೆ ನಮ್ಮದೇ: ಅದು 13.5 ಡಿಗ್ರಿ, ಚಿತ್ರದುರ್ಗ 14.2, ದಾವಣಗೆರೆ 14.5. ನಾಲ್ಕು ಎಕರೆಗೆ ತುಸು ಹೆಚ್ಚಿನ ಜಾಗದಲ್ಲಿ 1,024 ಯಾಗಿ ಆಂಟೆನಾಗಳು ಸಾಲಾಗಿ ನಿಂತಿವೆ. ಹಿಂದೆ ದೂರದರ್ಶನ ನೋಡಲು ಮಾಳಿಗೆಯ ಮೇಲೆ ಕಟ್ಟುತ್ತಿದ್ದೆವಲ್ಲ, ಅದೇ ಜಾತಿ, ಗಾತ್ರ ಇನ್ನಷ್ಟು ದೊಡ್ಡದು. ಅದರ 53 ಮೆಗಾಹರ್ಟ್ಸ್ ಕೂಡ ಆ ಹಳೆಯ ಟಿವಿ ಚಾನೆಲ್‌ಗಳ ಪಟ್ಟಿಯೊಳಗೇ ಬರುತ್ತದೆ. ತರಂಗಾಂತರ 5.66 ಮೀಟರ್, ಹಾಗಾಗಿ ಅದು ನೋಡುವುದು 2.83 ಮೀಟರ್ ಅಳತೆಯ ಏರುಪೇರನ್ನು.

ಅಳೆಯುವ ಕ್ರಮ ಹೀಗಿದೆ. ಕಿರಣವನ್ನು ಒಮ್ಮೆ ನೆಟ್ಟಗೆ ಮೇಲಕ್ಕೆ, ಆಮೇಲೆ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣಕ್ಕೆ 10 ಡಿಗ್ರಿ ವಾಲಿಸಿ ಕಳಿಸುತ್ತಾರೆ. ಆಂಟೆನಾ ಅಲುಗುವುದಿಲ್ಲ, ಸಾಲುಗಳಿಗೆ ಕೊಡುವ ವಿದ್ಯುತ್ ಅಲೆಯ ಹಂತ ಬದಲಾಯಿಸಿದರೆ ಕಿರಣ ತಾನೇ ವಾಲುತ್ತದೆ. ಮಾರ್ದನಿ ಬರಲು ಹಿಡಿದ ಸಮಯದಿಂದ ಎತ್ತರ ಸಿಗುತ್ತದೆ, 1 ಮೈಕ್ರೊಸೆಕೆಂಡಿಗೆ 150 ಮೀಟರ್. ಜೆಟ್ ಸೆಕೆಂಡಿಗೆ 30 ಮೀಟರ್ ಬೀಸುತ್ತಿದ್ದರೆ 10 ಡಿಗ್ರಿ ವಾಲಿದ ಕಿರಣದುದ್ದಕ್ಕೆ ಕಾಣುವುದು 5.2 ಮೀಟರ್ ಮಾತ್ರ. ಓಡುವ ಸುಳಿಗೆ ತಾಗಿ ಮರಳಿದ ಅಲೆಯ ತರಂಗಾಂಕ (ಸೆಕೆಂಡಿಗೆ ಎಷ್ಟು ಕಂಪನ ಎಂಬುದು) ತುಸು ಬದಲಾಗುತ್ತದೆ, 53 ಮೆಗಾಹರ್ಟ್ಸ್ ಅಲೆಯಲ್ಲಿ ಆ ವ್ಯತ್ಯಾಸ 1.84 ಹರ್ಟ್ಸ್. ಐದೂವರೆ ಕೋಟಿಯ ಹತ್ತಿರದ ಸಂಖ್ಯೆಯಲ್ಲಿ ಎರಡಕ್ಕಿಂತ ಕಡಿಮೆ! ಅದನ್ನು ಬೇರ್ಪಡಿಸಲು ಮಿಲಿಸೆಕೆಂಡಿಗೊಂದು ಸ್ಪಂದನ ಕಳಿಸಿ, 64 ಮಾರ್ದನಿಗಳನ್ನು ಕೂಡಿಸಿ ಒಂದು ಬಿಂದು ಮಾಡಿ, ಅಂಥ 512 ಬಿಂದುಗಳನ್ನು ವಿಶ್ಲೇಷಿಸಿದರೆ ಒಂದು ದಿಕ್ಕಿಗೆ 33 ಸೆಕೆಂಡ್ ಬೇಕು. ಐದು ದಿಕ್ಕಿಗೆ ಪೌಣೆ ಮೂರು ನಿಮಿಷ. ಆಗ ಸೆಕೆಂಡಿಗೆ 9 ಸೆಂ.ಮೀ. ವ್ಯತ್ಯಾಸವೂ ಗೊತ್ತಾಗುತ್ತದೆ.

ಎಡವುವ ಜಾಗಗಳೂ ಇಲ್ಲಿವೆ. ನೆಟ್ಟಗೆ ನೋಡುವ ಕಿರಣ 0.2 ಡಿಗ್ರಿ ವಾಲಿದ್ದರೂ ಸೆಕೆಂಡಿಗೆ 30 ಮೀಟರಿನ ಅಡ್ಡಗಾಳಿ ಸೆಕೆಂಡಿಗೆ 10 ಸೆಂ.ಮೀ. ಸುಳ್ಳು ಮೇಲ್ಗಾಳಿಯಾಗಿ, ಅಂದರೆ ನೆಟ್ಟಗೆ ಮೇಲೇರುವ ಗಾಳಿಯಾಗಿ ಕಾಣುತ್ತದೆ. ಗುಡುಗು ಮಳೆಯಿಲ್ಲದ ದಿನ ನಿಜವಾದ ಮೇಲ್ಗಾಳಿಯೇ ಅಷ್ಟಿರುವುದಿಲ್ಲ. ಗಾಳಿ ಚಾಪೆ ಹಾಸಿದಂತೆ ಪದರಪದರವಾಗಿ ನಿಂತಿದ್ದರೆ ಹೆಚ್ಚು ಮಾರ್ದನಿ ನೆತ್ತಿಯ ಕಡೆಯಿಂದಲೇ ಬರುತ್ತದೆ. 10 ಡಿಗ್ರಿ ಎಂದುಕೊಂಡ ಕಿರಣ 9 ಡಿಗ್ರಿಯಂತೆ ವರ್ತಿಸಿ ಗಾಳಿಯನ್ನು ನೂರಕ್ಕೆ 10ರಷ್ಟು ಕಡಿಮೆ ತೋರಿಸುತ್ತದೆ. 20 ಕಿ.ಮೀ. ಎತ್ತರದಲ್ಲಿ ಪೂರ್ವದ ಮತ್ತು ಪಶ್ಚಿಮದ ಕಿರಣಗಳ ನಡುವೆ 7 ಕಿ.ಮೀ. ಅಂತರ. ಎರಡೂ ಕಡೆ ಒಂದೇ ಗಾಳಿ ಎಂದುಕೊಂಡೇ ಲೆಕ್ಕ ಮಾಡುವುದು, ಗುಡುಗು ಮೋಡ ಬಂದು ನಿಂತ ದಿನ ಈ ಲೆಕ್ಕ ನಿಲ್ಲುವುದಿಲ್ಲ.

ಇನ್ನು ನಮ್ಮ ಗಾಳಿಯಂತ್ರ. ರೇಡಾರ್ ಕಿರಣ ಎಷ್ಟೇ ಮೇಲೆ ನೋಡಿದರೂ ಆಂಟೆನಾದ ಅಡ್ಡಬದಿಯಿಂದ ಒಂದಿಷ್ಟು ಶಕ್ತಿ ದಿಗಂತದ ಕಡೆಗೂ ಸೋರುತ್ತದೆ. ಗುಡ್ಡ, ಗೋಪುರಗಳಿಂದ ಬರುವ ಮಾರ್ದನಿ ಅಲುಗದ್ದರಿಂದ ಶೂನ್ಯ ವೇಗದಲ್ಲಿ ಕೂರುತ್ತದೆ, ಅದನ್ನು ಒರೆಸಿಹಾಕುವುದು ಸುಲಭ. ಗಾಳಿಯಂತ್ರದ ರೆಕ್ಕೆ ಹಾಗಲ್ಲ. ತುದಿ ಸೆಕೆಂಡಿಗೆ 70 ಮೀಟರ್ ಸುತ್ತುತ್ತದೆ, ಬುಡ ನಿಧಾನ. ಒಂದು ರೆಕ್ಕೆ ಹತ್ತಿರ ಬರುವಾಗ ಇನ್ನೊಂದು ದೂರ ಹೋಗುತ್ತಿರುತ್ತದೆ. ಮೇಲೆ ಹೇಳಿದ ಜೋಡಣೆಯಲ್ಲಿ ರೇಡಾರ್ ಅಳೆಯಬಲ್ಲ ವೇಗದ ಮಿತಿ ಸೆಕೆಂಡಿಗೆ ಅತ್ತ 22, ಇತ್ತ 22 ಮೀಟರ್. ಅದಕ್ಕಿಂತ ವೇಗದ್ದು ಮಡಿಚಿಕೊಂಡು ಒಳಗೇ ಬೀಳುತ್ತದೆ. ಫಲವಾಗಿ ವೇಗದ ಪಟ್ಟಿಯ ಈ ತುದಿಯಿಂದ ಆ ತುದಿವರೆಗೆ ಗಲೀಜು. 8 ಕಿ.ಮೀ. ದೂರದ ಬೆಟ್ಟದ ಮೇಲಿನ ಯಂತ್ರದ ಮಾರ್ದನಿ ಬರುವುದೂ ನೆತ್ತಿಯ ಮೇಲಿನ 8 ಕಿ.ಮೀ. ಎತ್ತರದ ಗಾಳಿಯ ಮಾರ್ದನಿ ಬರುವುದೂ ಒಂದೇ ಗಳಿಗೆಯಲ್ಲಿ. ಆಕಾಶದ ಪಿಸುಮಾತಿನ ಮೇಲೆ ಬೆಟ್ಟದ ಕೂಗು! ಗಾದಂಕಿ, ಹಿಕಮಾರ್ಕ ಎರಡೂ ಸುತ್ತ ಬೆಟ್ಟಗಳಿರುವ ತಗ್ಗಿನಲ್ಲಿರುವುದು ಸುಮ್ಮನಲ್ಲ. ದೂರದ ಗದ್ದಲವನ್ನು ಬೆಟ್ಟ ತಡೆಯುತ್ತದೆ. ನಮ್ಮ ಜಿಲ್ಲೆಯಲ್ಲಿ ಬೆಟ್ಟದ ನೆತ್ತಿಯ ಮೇಲೇ ಯಂತ್ರಗಳಿವೆ. ಆದ್ದರಿಂದ ಗಾದಂಕಿಯಂಥದ್ದನ್ನೇ ಇಲ್ಲಿಗೆ ಕೇಳುವುದು ಸರಿಯಲ್ಲ. ಒಂದೇ ಅಕ್ಷಾಂಶದಲ್ಲಿ 300 ಕಿ.ಮೀ. ಅಂತರದಲ್ಲಿ ಅದು ಆಗಲೇ ಇದ್ದು ಕೆಲಸ ಮಾಡುತ್ತಿರುವಾಗ ಹಣವೂ ದಂಡ.

ಹಾಗಾದರೆ ಏನು ಕೇಳಬೇಕು? ಅದಕ್ಕೆ ಮೊದಲು ಮೇಲಣ ಅಲೆಗಳ ಬಗ್ಗೆ ನಾಲ್ಕು ಮಾತು.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತೇವೆ. ಆ ಏಪ್ರಿಲ್–ಮೇ ತಿಂಗಳ ಗುಡುಗು ಮೋಡದ ತಲೆ 15–16 ಕಿ.ಮೀ. ಮುಟ್ಟಿ, ಮೇಲಿನ ಸ್ಥಿರ ಪದರಕ್ಕೆ ಕೆಳಗಿನಿಂದ ಗುದ್ದುತ್ತದೆ. ಕೆರೆಗೆ ಕಲ್ಲು ಬಿದ್ದಂತೆ ಅಲ್ಲಿಂದ ಅಲೆಗಳೇಳುತ್ತವೆ. ಇವಕ್ಕೆ ಗುರುತ್ವ ಅಲೆಗಳೆಂದು ಹೆಸರು. ಭೌತವಿಜ್ಞಾನಿಗಳು ಕೃಷ್ಣರಂಧ್ರಗಳ ವಿಷಯದಲ್ಲಿ ಹೇಳುವ ಗುರುತ್ವ ತರಂಗ ಬೇರೆ, ಇದು ಬೇರೆ. ಪತ್ರಿಕೆಗಳಲ್ಲಿ ಎರಡೂ ಕಲಸಿಹೋಗುವುದುಂಟು. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ, ಪ್ರತಿ 16 ಕಿ.ಮೀ.ಗೆ ಸಾಂದ್ರತೆ ಹತ್ತರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಅಲೆ ಹೊತ್ತ ಶಕ್ತಿ ಅಷ್ಟೇ ಇರುವಾಗ ಹೊರುವ ಗಾಳಿ ಕಡಿಮೆಯಾದರೆ ತೂಗಾಟ ಹೆಚ್ಚಲೇಬೇಕು. 16 ಕಿ.ಮೀ.ನಲ್ಲಿ ಸೆಕೆಂಡಿಗೆ ಅರ್ಧ ಮೀಟರ್ ತೂಗುತ್ತಿದ್ದ ಅಲೆ ಎಲ್ಲೂ ಒಡೆಯದೆ 85 ಕಿ.ಮೀ. ತಲುಪಿದರೆ ಲೆಕ್ಕದ ಪ್ರಕಾರ 140 ಪಟ್ಟು ಬೆಳೆದು 70 ಮೀಟರ್ ಆಗಬೇಕು. ಅಷ್ಟು ಆಗುವ ಮೊದಲೇ ದಡಕ್ಕೆ ಬಂದ ಕಡಲಿನ ಅಲೆಯಂತೆ ಮುರಿದು ಬೀಳುತ್ತದೆ, ಹೊತ್ತು ತಂದ ತಳ್ಳುವಿಕೆಯನ್ನು ಅಲ್ಲಿನ ಗಾಳಿಗೆ ಕೊಡುತ್ತದೆ. 80–100 ಕಿ.ಮೀ. ಎತ್ತರದ ಗಾಳಿ ಬೀಸುವ ರೀತಿಯನ್ನು ಬಹುಪಾಲು ನಿರ್ಧರಿಸುವುದು ಕೆಳಗಿನಿಂದ ಬಂದ ಇಂಥ ಅಲೆಗಳೇ.

ಭೂಮಧ್ಯರೇಖೆಯ ಹತ್ತಿರ ಇದಕ್ಕೊಂದು ವಿಶೇಷವಿದೆ. ಭೂಮಿಯ ತಿರುಗುವಿಕೆಯ ಹಿಡಿತ ಅಲ್ಲಿ ಸಡಿಲ. ಗುರುತ್ವ ಅಲೆಯ ಅವಧಿಗೆ ಮೇಲಿನ ಮಿತಿ 12 ಗಂಟೆಯನ್ನು ಅಕ್ಷಾಂಶದ ಸೈನ್‌ನಿಂದ ಭಾಗಿಸಿದಷ್ಟು. ಚಿತ್ರದುರ್ಗಕ್ಕೆ ಅದು 49 ಗಂಟೆ, ಗಾದಂಕಿಗೆ 51, ರೇಖೆಯ ಮೇಲೆ ಮಿತಿಯೇ ಇಲ್ಲ. ಆದ್ದರಿಂದ ಐದಾರು ನಿಮಿಷದ ಅಲೆಯಿಂದ ಎರಡು ದಿನದ ಅಲೆಯವರೆಗೆ ಎಲ್ಲವೂ ನಮ್ಮ ತಲೆಯ ಮೇಲೆ ಹಾಯುತ್ತವೆ. ರೇಖೆಗೆ ಅಂಟಿಕೊಂಡೇ ಪೂರ್ವಕ್ಕೆ ಸಾಗುವ ಕೆಲ್ವಿನ್ ಅಲೆಗಳು ಬೇರೆ. ಇವೆಲ್ಲ ಕೂಡಿ ತಳ್ಳುವುದರಿಂದಲೇ ಸ್ತರಗೋಳದ, ಅಂದರೆ ಗುಡುಗು ಮೋಡದ ತಲೆಗಿಂತ ಮೇಲಿನ ಸ್ಥಿರ ಪದರದ ಗಾಳಿ ಸರಾಸರಿ 28 ತಿಂಗಳಿಗೊಂದು ಸುತ್ತಿನಂತೆ ಮೂಡಣ–ಪಡುವಣವಾಗಿ ಅದಲುಬದಲಾಗುತ್ತದೆ, ತಿಂಗಳಿಗೆ ಸುಮಾರು 1 ಕಿ.ಮೀ.ನಂತೆ ಕೆಳಗಿಳಿಯುತ್ತದೆ. 2015–16ರಲ್ಲಿ ಈ ತಾಳ ತಪ್ಪಿತು, 2019–20ರಲ್ಲಿ ಮತ್ತೊಮ್ಮೆ ತಪ್ಪಿತು. ದೀರ್ಘಾವಧಿ ಮುನ್ಸೂಚನೆ ಮಾಡುವವರಿಗೆ ಅದು ಸಣ್ಣ ಸಂಗತಿಯಲ್ಲ.

ಗಾದಂಕಿಯ ರೇಡಾರಿಗೂ ಎಲ್ಲ ಎತ್ತರ ಕಾಣುವುದಿಲ್ಲ. 25 ಕಿ.ಮೀ. ಮೇಲೆ ತೇವವಿಲ್ಲ. ಗಾಳಿ ತೆಳುವಾದಂತೆ ಅದರ ಜಿಗುಟು 2.83 ಮೀಟರಿನ ಸಣ್ಣ ಸುಳಿಗಳನ್ನು ಅಳಿಸಿಹಾಕುತ್ತದೆ, ಮಾರ್ದನಿ ನಿಲ್ಲುತ್ತದೆ. ಮತ್ತೆ 65–85 ಕಿ.ಮೀ.ನಲ್ಲಿ ಹಗಲು ಮಾತ್ರ ಕಾಣುತ್ತದೆ, ಬಿಸಿಲು ಬಿಡಿಸಿದ ಎಲೆಕ್ಟ್ರಾನುಗಳು ರಾತ್ರಿ ಉಳಿಯುವುದಿಲ್ಲವಲ್ಲ. ಹಗಲಷ್ಟೇ ಅಳೆದರೆ, ಸೂರ್ಯನ ಕಾವಿನಿಂದ ದಿನದ ತಾಳಕ್ಕೆ ಏಳುವ 12 ಮತ್ತು 24 ಗಂಟೆಯ ಅಲೆಗಳನ್ನು ಬಿಡಿಸುವುದು ಹೇಗೆ? ಇಲ್ಲಿಗೆ ಉಲ್ಕೆಗಳು ಒದಗುತ್ತವೆ.

ಆಕಾಶದಿಂದ ದಿನವೂ ಬೀಳುವ, ಕಣ್ಣಿಗೂ ಕಾಣದ ಮರಳುಕಾಳಿನಂಥ ಚೂರುಗಳು 80–100 ಕಿ.ಮೀ.ನಲ್ಲಿ ಉರಿದು ಎಲೆಕ್ಟ್ರಾನುಗಳ ಗೆರೆ ಬಿಡುತ್ತವೆ. ಆ ಗೆರೆಯನ್ನು ಅಲ್ಲಿನ ಗಾಳಿ ಎಳೆದೊಯ್ಯುತ್ತದೆ. ಒಂದು ಉಲ್ಕಾ ರೇಡಾರಿಗೆ ದಿನಕ್ಕೆ ಸಾವಿರಾರು ಗೆರೆಗಳು ಸಿಗುತ್ತವೆ, ಹಗಲು ರಾತ್ರಿಯ ಭೇದವಿಲ್ಲ. ಇಂಥದ್ದು ತಿರುವನಂತಪುರ ಬಳಿಯ ತುಂಬಾ ಎಂಬಲ್ಲಿ 2004ರಿಂದ ಕೆಲಸ ಆರಂಭಿಸಿತು, ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದಲ್ಲಿ 2013ರಿಂದ. ಎರಡೂ 35.25 ಮೆಗಾಹರ್ಟ್ಸ್. ಕೊಲ್ಹಾಪುರ ಮತ್ತು ತಿರುನೆಲ್ವೇಲಿಯಲ್ಲಿ ಇನ್ನೊಂದು ಬಗೆಯ, 1.98 ಮೆಗಾಹರ್ಟ್ಸ್ ರೇಡಾರುಗಳು ಇದೇ ಎತ್ತರವನ್ನು ನೋಡಿವೆ.

ನನ್ನ ಸಲಹೆ ಇಷ್ಟು: ಚಿತ್ರದುರ್ಗದಲ್ಲಿ ಕೇಳುವ ನಿಲ್ದಾಣವೊಂದನ್ನು ಮಾತ್ರ ಕಟ್ಟೋಣ. ಟ್ರಾನ್ಸ್‌ಮಿಟರ್ ಬೇಡ. ತಿರುಪತಿಯ ರೇಡಾರ್ ಪ್ರಸಾರ ಮಾಡುವಾಗ ಉಲ್ಕೆಯ ಗೆರೆಗೆ ತಾಗಿ ಮುಂದಕ್ಕೆ ಚೆದರುವ ಅಲೆಯನ್ನು ನಾವು ಹಿಡಿಯುವುದು. ಯುರೋಪಿನಲ್ಲಿ ಹೀಗೆ ಒಂದು ಪ್ರಸಾರಕ್ಕೆ ಹಲವು ಕೇಳುವ ನಿಲ್ದಾಣಗಳನ್ನು ಜೋಡಿಸುವ ಪದ್ಧತಿ ಕಳೆದ ದಶಕದಿಂದ ಬೆಳೆದಿದೆ. ತಿರುಪತಿಗೂ ನಮಗೂ ನೇರ ದೂರ ಸುಮಾರು 330 ಕಿ.ಮೀ. ಅದಕ್ಕೆ ನಟ್ಟನಡುವೆ, ಹಿಂದೂಪುರ–ಕದಿರಿ ನಡುವಿನ ಆಕಾಶದಲ್ಲಿ, 90 ಕಿ.ಮೀ. ಎತ್ತರದ ಗೆರೆ ನಮಗೆ ದಿಗಂತದಿಂದ 28 ಡಿಗ್ರಿ ಮೇಲೆ ಕಾಣುತ್ತದೆ. ಇದರ ಲಾಭ ಎರಡು. ತಿರುಪತಿ ತನ್ನ ನೆತ್ತಿಯ ಸುತ್ತಲಿನ ಗಾಳಿಯನ್ನಷ್ಟೇ ನೋಡುತ್ತದೆ, ನಾವು ಸೇರಿದರೆ ಅದೇ ಆಕಾಶಕ್ಕೆ ಇನ್ನೊಂದು ಕೋನ ಸಿಕ್ಕಿ ಗಾಳಿ ಎಲ್ಲಿ ಹಿಗ್ಗುತ್ತಿದೆ, ಎಲ್ಲಿ ಸುಳಿಯುತ್ತಿದೆ ಎಂಬುದೂ ತಿಳಿಯುತ್ತದೆ. ಎರಡನೆಯದು, ಓರೆಯಾಗಿ ಚೆದರಿದ ಮಾರ್ದನಿ ಹೆಚ್ಚು ಹೊತ್ತು ಬಾಳುತ್ತದೆ. ನೆಟ್ಟಗೆ ಮರಳುವ ಮಾರ್ದನಿ 90 ಕಿ.ಮೀ.ನಲ್ಲಿ ಸೆಕೆಂಡಿನ ಹತ್ತನೆಯ ಒಂದೆರಡು ಭಾಗದಲ್ಲಿ ಆರಿಹೋಗುತ್ತದೆ. ನಡುದಾರಿಯ ಗೆರೆಗೆ ಓರೆ ಸುಮಾರು 61 ಡಿಗ್ರಿ, ಆಗ ಬಾಳಿಕೆ ನಾಲ್ಕು ಪಟ್ಟಿಗೂ ಹೆಚ್ಚು.

ಬೇಕಾಗುವ ಸಾಮಾನು: ಒಂದಕ್ಕೊಂದು ಅಡ್ಡವಾಗಿ ಕೂರಿಸಿದ ಎರಡು ಕಡ್ಡಿಯ ಜೋಡಿ ‘ಯಾಗಿ’ ಆಂಟೆನಾ ಐದು, ಐದು ದಾರಿಯ ರಿಸೀವರ್, ಜಿಪಿಎಸ್‌ಗೆ ಕಟ್ಟಿದ ಗಡಿಯಾರ, ಒಂದು ಕಂಪ್ಯೂಟರ್, ನಿಲ್ಲದ ವಿದ್ಯುತ್. ರಿಸೀವರನ್ನು ಸಾಫ್ಟ್‌ವೇರ್ ರೇಡಿಯೊ ಬಿಲ್ಲೆಗಳಿಂದ ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳೇ ಜೋಡಿಸಬಲ್ಲರು. ಆಂಟೆನಾಗಳನ್ನು ಕೂಡಿಸುವ ಚಿಹ್ನೆಯ ಆಕಾರದಲ್ಲಿ ನಿಲ್ಲಿಸಬೇಕು: ನಡುವೆ ಒಂದು, ಒಂದು ಪಕ್ಕಕ್ಕೆ 2 ತರಂಗಾಂತರ, ಎದುರು ಪಕ್ಕಕ್ಕೆ 2.5 ತರಂಗಾಂತರ. ತರಂಗಾಂತರ 8.5 ಮೀಟರ್, ಹಾಗಾಗಿ 17 ಮೀಟರ್ ಮತ್ತು 21.25 ಮೀಟರ್. ಅಡ್ಡಸಾಲಿಗೂ ಅದೇ ಅಳತೆ. ಸಮ ಅಂತರ ಬೇಡವೇ ಎಂದು ಕೇಳಬಹುದು. ಅಂತರ ಬೇರೆಬೇರೆ ಇಡುವುದರಲ್ಲೇ ಗುಟ್ಟಿದೆ. 2.5ರಲ್ಲಿ 2 ಕಳೆದರೆ ಉಳಿಯುವ ಅರ್ಧ ತರಂಗಾಂತರ ಗೆರೆಯ ದಿಕ್ಕನ್ನು ಗೊಂದಲವಿಲ್ಲದೆ ಒರಟಾಗಿ ಹೇಳುತ್ತದೆ, ಎರಡೂ ಕೂಡಿದ 4.5 ತರಂಗಾಂತರ ಅದನ್ನೇ ನವಿರಾಗಿ ತಿದ್ದುತ್ತದೆ. ಜಾಗ ಬೇಲಿ ಸೇರಿ ಅರ್ಧ ಎಕರೆಗೆ ಮುಗಿಯುತ್ತದೆ.

ಇಲ್ಲಿ ಅಸಡ್ಡೆ ಮಾಡಬಾರದ್ದು ಕೇಬಲ್. ಐದೂ ಕೇಬಲ್‌ಗಳು ಒಂದೇ ಸುರುಳಿಯಿಂದ, ಒಂದೇ ಉದ್ದಕ್ಕೆ ಕತ್ತರಿಸಿರಬೇಕು. ಹತ್ತಿರದ ಆಂಟೆನಾಕ್ಕೆ ಗಿಡ್ಡ ಕೇಬಲ್ ಸಾಕೆಂದು ಉಳಿತಾಯ ಮಾಡಲು ಹೋಗಬಾರದು. ಒಂದರ ಉದ್ದ 10 ಸೆಂ.ಮೀ. ಹೆಚ್ಚಾದರೆ ಅಲೆಯ ಹಂತ ಸುಮಾರು 6 ಡಿಗ್ರಿ ತಪ್ಪುತ್ತದೆ. ನೆತ್ತಿಯಿಂದ 60 ಡಿಗ್ರಿ ಕೆಳಗೆ, 180 ಕಿ.ಮೀ. ದೂರದ ಗೆರೆಯ ಎತ್ತರ ಅದರಿಂದ 1 ಕಿ.ಮೀ.ನಷ್ಟು ತಪ್ಪಾಗುತ್ತದೆ. 24 ಗಂಟೆಯ ಅಲೆಯ ಶಿಖರ ಗಂಟೆಗೆ ಸುಮಾರು 1 ಕಿ.ಮೀ. ಕೆಳಗಿಳಿಯುವಂಥದ್ದು, ಎಂದರೆ ಆ 10 ಸೆಂ.ಮೀ. ಕೇಬಲ್ ಅಲೆಯ ಗಳಿಗೆಯನ್ನೇ ಒಂದು ಗಂಟೆ ಹಿಂದುಮುಂದು ಮಾಡುತ್ತದೆ. ಬಿಸಿಲಿಗೆ ಬಿದ್ದ ಕೇಬಲ್ ಮಧ್ಯಾಹ್ನ ಒಂದು ಥರ, ಬೆಳಗಿನ ಜಾವ ಒಂದು ಥರ ವರ್ತಿಸುವುದರಿಂದ ಎರಡಡಿ ಆಳದಲ್ಲಿ ಹೂಳಬೇಕು, ಐದನ್ನೂ ಒಂದೇ ಆಳದಲ್ಲಿ. ಹೆಗ್ಗಣ ಮತ್ತು ಗೆದ್ದಲಿಗೆ ಸಿಗದಂತೆ ಪೈಪಿನೊಳಗೆ ಹಾಯಿಸಬೇಕು. ಕನೆಕ್ಟರಿನಲ್ಲಿ ನೀರು ಕೂತರೆ ಕೇಬಲ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಅಳತೆ ಮಾತ್ರ ದಿನೇದಿನೇ ಸರಿಯುತ್ತದೆ. ಆಂಟೆನಾ ಕಡ್ಡಿಗೆ ಮಂಗ ಜೋತುಬೀಳುವ ಊರು ನಮ್ಮದು, ಬೇಲಿಗೆ ಅದಕ್ಕೂ ಲೆಕ್ಕ ಹಾಕಬೇಕು. ಸಿಡಿಲಿಗೆ ಎಲ್ಲ ಕಂಬಗಳನ್ನೂ ಸೇರಿಸಿದ ಒಂದೇ ಅರ್ಥಿಂಗ್ ಬೇಕು. ಕಂಬಕ್ಕೊಂದು ಬಿಡಿ ಅರ್ಥಿಂಗ್ ಮಾಡಿದರೆ ಸಿಡಿಲು ಒಂದರಿಂದಿಳಿದು ಕೇಬಲ್ ಮೂಲಕ ಇನ್ನೊಂದಕ್ಕೆ ಹಾಯುತ್ತದೆ, ನಡುವಿನ ರಿಸೀವರ್ ಸುಡುತ್ತದೆ.

ಗಡಿಯಾರದ್ದು ಇನ್ನೂ ಸೂಕ್ಷ್ಮ. ಪ್ರಸಾರದ ಯಂತ್ರ ಅಲ್ಲಿ, ಕೇಳುವ ಯಂತ್ರ ಇಲ್ಲಿ ಇದ್ದಾಗ ಎರಡರ ತಾಳ ಒಂದೇ ಇರಬೇಕು. ಅಂಗಡಿಯಲ್ಲಿ ಸಿಗುವ ಸಾಧಾರಣ ಸ್ಫಟಿಕ ಹತ್ತು ಲಕ್ಷಕ್ಕೊಂದು ಭಾಗ ತಪ್ಪಿದರೂ 35 ಹರ್ಟ್ಸ್ ವ್ಯತ್ಯಾಸ ಬರುತ್ತದೆ. ಓರೆಯ ಲೆಕ್ಕದಲ್ಲಿ ಅದು ಸೆಕೆಂಡಿಗೆ 300 ಮೀಟರಿಗೂ ಮೀರಿದ ಸುಳ್ಳು ಗಾಳಿ. ಜಿಪಿಎಸ್‌ಗೆ ಕಟ್ಟಿದ ಗಡಿಯಾರ ನೂರು ಕೋಟಿಗೊಂದು ಭಾಗದೊಳಗೆ ನಿಂತರೆ ತಪ್ಪು 30 ಸೆಂ.ಮೀ. ಆಸುಪಾಸು, ಅಷ್ಟನ್ನು ಸಹಿಸಬಹುದು. ಜಿಪಿಎಸ್ ಆಂಟೆನಾಕ್ಕೆ ಸಂಕೇತ ತಪ್ಪಿದ ಗಳಿಗೆಗಳ ಮಾಹಿತಿಗೆ ಗುರುತು ಹಾಕಿ ಬದಿಗಿಡಬೇಕು.

ಲೆಕ್ಕ ಮಾಡುವಾಗಿನ ಎಚ್ಚರಿಕೆ: ಬೆಳಗಿನ 6 ಗಂಟೆ ಸುಮಾರಿಗೆ ಉಲ್ಕೆಗಳು ಅತಿ ಹೆಚ್ಚು, ಸಂಜೆ 6ಕ್ಕೆ ಅತಿ ಕಡಿಮೆ. ಭೂಮಿ ಸೂರ್ಯನ ಸುತ್ತ ಓಡುವಾಗ ಬೆಳಗಿನ ಬದಿ ಮುಂದಿರುತ್ತದೆ, ಎದುರಿಗೆ ಸಿಕ್ಕಿದ್ದೆಲ್ಲ ಅದಕ್ಕೇ ಬಡಿಯುತ್ತದೆ. 3 ಕಿ.ಮೀ. ದಪ್ಪದ ಪದರದಲ್ಲಿ ಒಂದು ಗಂಟೆಗೆ ಆರಕ್ಕಿಂತ ಕಡಿಮೆ ಗೆರೆ ಸಿಕ್ಕರೆ ಕೋಷ್ಟಕದ ಆ ಮನೆಯನ್ನು ಖಾಲಿ ಬಿಡಬೇಕು, ಅಂದಾಜು ತುಂಬಬಾರದು. ದಿನವೂ ಸಂಜೆಯೇ ಖಾಲಿ ಬೀಳುತ್ತಿದ್ದರೆ 24 ಗಂಟೆಯ ಅಲೆಯ ಒಂದು ಪಾಲು 12 ಗಂಟೆಯ ಅಲೆಯ ಲೆಕ್ಕಕ್ಕೆ ಸೋರಿಹೋಗುತ್ತದೆ. ನಾಲ್ಕೈದು ದಿನ ಕೂಡಿಸಿ ನೋಡುವುದು ಅದಕ್ಕೇ.

ರೈತರಿಗೆ ಒಂದು ಮಾತನ್ನು ಬಿಚ್ಚಿ ಹೇಳಬೇಕು. ಈ ನಿಲ್ದಾಣ ನಾಳೆ ಮಳೆ ಬರುತ್ತದೋ ಇಲ್ಲವೋ ಹೇಳುವುದಿಲ್ಲ. ಅದಕ್ಕೆ ಮಳೆ ರೇಡಾರೇ ಬೇಕು, ಅದನ್ನು ಕೇಳುವುದನ್ನು ಬಿಡಬಾರದು. ಇದು ಕೊಡುವುದು ಮುನ್ಸೂಚನೆಯ ಮಾದರಿಗಳಲ್ಲಿ ಇವತ್ತಿಗೂ ಅಂದಾಜಿನಲ್ಲಿ ನಡೆಯುವ ಅಲೆಗಳ ಅಳತೆಯನ್ನು. ಮಾರ್ಚ್–ಏಪ್ರಿಲ್ ಸಂಜೆ ಜಿಪಿಎಸ್ ಹಿಡಿದು ಜಮೀನು ಅಳೆಯುವವರಿಗೆ ಸೂರ್ಯ ಮುಳುಗಿದ ಮೇಲೆ ಅಳತೆ ಏಕಾಏಕಿ ಜಾರುವುದು ಗೊತ್ತು. ಸಂಜೆಯ ಅಯಾನುಗೋಳದಲ್ಲಿ ಏಳುವ ಗುಳ್ಳೆಗಳು ಅದಕ್ಕೆ ಒಂದು ಕಾರಣ, ಆ ಗುಳ್ಳೆಗೆ ಬೀಜ ಹಾಕುವುದರಲ್ಲಿ ಕೆಳಗಿನಿಂದ ಏರಿದ ಗುರುತ್ವ ಅಲೆಗಳ ಪಾಲಿದೆ.

ದಾವಣಗೆರೆ ವಿಶ್ವವಿದ್ಯಾಲಯದವರೂ ಚಳ್ಳಕೆರೆಯ ಕುದಾಪುರದಲ್ಲಿ ಕ್ಯಾಂಪಸ್ ಇರುವ ಭಾರತೀಯ ವಿಜ್ಞಾನ ಸಂಸ್ಥೆಯವರೂ ತಿರುಪತಿಯವರೊಂದಿಗೆ ಕೂತು ಮಾತನಾಡಲಿ. ಅವರ ಪ್ರಸಾರದ ಗಳಿಗೆ ಮತ್ತು ಸ್ಪಂದನದ ವಿವರ ಕೊಡದೆ ಇಲ್ಲಿ ಏನೂ ಆಗದು. ಕೇಳುವುದಷ್ಟೇ ಆದ್ದರಿಂದ, ಪ್ರಸಾರದ ತರಂಗಾಂಕಕ್ಕಾಗಿ ದೆಹಲಿಗೆ ಅಲೆಯಬೇಕಾದ ದೊಡ್ಡ ಕೆಲಸ ತಪ್ಪುತ್ತದೆ. ಜಾಗಕ್ಕೆ ಪೂರ್ವದ ಕಡೆ, ತುಸು ಆಗ್ನೇಯಕ್ಕೆ, ಆಕಾಶ ತೆರೆದಿರಬೇಕು. ದಿಗಂತದಿಂದ 15 ಡಿಗ್ರಿಗಿಂತ ಎತ್ತರದ ಗುಡ್ಡ ಆ ಕಡೆ ಇರಬಾರದು. ಉಳಿದ ಬದಿಗಳಲ್ಲಿ ಬಂಡೆಗುಡ್ಡ ಇದ್ದಷ್ಟೂ ಒಳ್ಳೆಯದು. ದುರ್ಗದ ಸುತ್ತ ಅಂಥ ತಗ್ಗುಗಳಿಗೆ ಬರವಿಲ್ಲ.

ಬೇಲಿ ಹಾಕುವ ಮೊದಲು ಮಾಡಬೇಕಾದ್ದು ಒಂದೇ ಪರೀಕ್ಷೆ. ಒಂದು ಆಂಟೆನಾ, ಒಂದು ರಿಸೀವರ್ ಇಟ್ಟು 35 ಮೆಗಾಹರ್ಟ್ಸ್ ಸುತ್ತಲಿನ ಬರಿ ಗದ್ದಲವನ್ನು ಹದಿನೈದು ದಿನ, ನಿಮಿಷಕ್ಕೊಮ್ಮೆ ಬರೆದಿಡುವುದು. ಆ ತರಂಗಾಂಕದಲ್ಲಿ ನೆಮ್ಮದಿಯ ಜಾಗದಲ್ಲಿ ಕೇಳುವ ಅತಿ ದೊಡ್ಡ ಸದ್ದು ಆಕಾಶಗಂಗೆಯದ್ದು. ಅದರ ನಡುಭಾಗ ನಮ್ಮ ದಕ್ಷಿಣಕ್ಕೆ ಬಂದಾಗ ಗದ್ದಲ ಏರುತ್ತದೆ, ದಾಟಿದ ಮೇಲೆ ಇಳಿಯುತ್ತದೆ. ಜೂನ್ ಕೊನೆಯಲ್ಲಾದರೆ ಈ ಏರು ನಡುರಾತ್ರಿಯ ಸುಮಾರಿಗೆ. ಮರುದಿನ ಅದು 4 ನಿಮಿಷ ಮೊದಲೇ ಬರಬೇಕು, ಹದಿನೈದನೆಯ ದಿನಕ್ಕೆ ಒಂದು ಗಂಟೆಯ ಹತ್ತಿರ ಮೊದಲು. ಬರೆದಿಟ್ಟ ಗೆರೆಯಲ್ಲಿ ಆ ಸರಿತ ಕಂಡರೆ ಜಾಗ ಸರಿ. ಏರಿಳಿತ ದಿನವೂ ಒಂದೇ ಗಂಟೆಗೆ ಬರುತ್ತಿದ್ದರೆ ಕಾಣುತ್ತಿರುವುದು ಆಕಾಶವಲ್ಲ, ಪಂಪ್‌ಸೆಟ್ ಸ್ಟಾರ್ಟರ್, ಸೋಲಾರ್ ಇನ್ವರ್ಟರ್, ಕಿಡಿಬಿಡುವ ಇನ್ಸುಲೇಟರ್‌ಗಳು. ಆಗ ಇನ್ನೊಂದು ತಗ್ಗಿಗೆ ಹೋಗಿ ಮತ್ತೆ ಹದಿನೈದು ದಿನ ಬರೆಯಬೇಕು.

ಇಂತಿ,
ಭೌತವಿಜ್ಞಾನ ಬೋಧಕ, ಚಿತ್ರದುರ್ಗ